ಅರ್ಧ ದಾರಿಯಿಂದ ಮರಳುವ ಗೌರಿ

ನಮ್ಮ ಗುಂಪಿನಲ್ಲಿ ಯಾರಿಗೂ ಊರಿರಲಿಲ್ಲ, ಹೆಸರೂ ಇರಲಿಲ್ಲ. ಶಿವಮೊಗ್ಗದ ಬೀದಿಬೀದಿಗಳಲ್ಲಿ ಸೈಬರ್ ಸೆಂಟರ್‌ಗಳು ತೆರೆದುಕೊಳ್ಳುತ್ತಿದ್ದ ಎರಡು ಸಾವಿರದ ಇಸವಿಯ ಈಚಿನ ಮೊದಲ ವರ್ಷಗಳಲ್ಲಿ, ತೊನ್ನು ಇರುವ ಕನ್ನಡದವರು ಕೆಲವರು ಸೇರಿ ಒಂದು ಇ-ಮೇಲ್ ಗುಂಪು ಕಟ್ಟಿಕೊಂಡಿದ್ದೆವು. ಒಬ್ಬರು ಬರೆದದ್ದು ಎಲ್ಲರಿಗೂ ತಲುಪುತ್ತಿತ್ತು. ಕನ್ನಡ ಅಕ್ಷರಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಚೌಕಚೌಕವಾಗಿ ಒಡೆದುಹೋಗುತ್ತಿದ್ದ ಕಾಲವದು. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದೆವು. ಗುಂಪನ್ನು ನೋಡಿಕೊಳ್ಳುವ ಇಬ್ಬರಲ್ಲಿ ನಾನೊಬ್ಬಳು. ನನಗೆ ಬಿಳಿ ಮಚ್ಚೆ ಮೂಡಿದ್ದು ಹೈಸ್ಕೂಲಿನಲ್ಲಿ. ಮೊದಲು ಬೆರಳ ತುದಿ, ಆಮೇಲೆ ಎರಡೂ ಕೈ, ಆಮೇಲೆ ತುಟಿಯ ಸುತ್ತ.

ತೊನ್ನು ಅಂಟುವ ರೋಗವಲ್ಲ. ಅದನ್ನು ಬಿಳಿ ಕುಷ್ಠ ಎನ್ನುವುದು ಸುಳ್ಳು. ಹಿಂದಿನ ಜನ್ಮದ ಪಾಪ ಎನ್ನುವುದು ಕ್ರೌರ್ಯ. ಮೀನು ತಿಂದು ಹಾಲು ಕುಡಿದದ್ದರ ಫಲ ಎನ್ನುವುದು ಅಜ್ಞಾನ. ಇವನ್ನು ನಾನು ಬೇರೆ ಬೇರೆ ಹೆಸರಿನಿಂದಲೇ ಕರೆಯುತ್ತೇನೆ, ಯಾಕೆಂದರೆ ‘ನಮ್ಮ ಜನ ಇರೋದೇ ಹೀಗೆ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕ್ಷಮಿಸಿಬಿಡುವುದು ನಮ್ಮಲ್ಲಿ ಬಹಳ ಸುಲಭ. ನಾನು ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಯ ಬದಲು ಯಾರಾದರೊಬ್ಬರು ಎದ್ದು ಒಂದು ಪ್ರಶ್ನೆ ಕೇಳಬೇಕಿತ್ತು. ಆ ಅಭ್ಯಾಸವೇ ಮುಂದೆ ಶಿವಮೊಗ್ಗದ ಗೋಪಾಳ ಬಡಾವಣೆಯ ಒಂದು ಸಣ್ಣ ಮಹಿಳಾ ಸಂಘದ ಕೆಲಸಕ್ಕೆ ನನ್ನನ್ನು ಕರೆತಂದಿತು.

ಹೆಸರು, ಊರು ಹೇಳಬಾರದೆಂಬ ನಿಯಮ ಮಾಡಿದ್ದಕ್ಕೆ ಕಾರಣಗಳಿದ್ದವು. ಗುಂಪಿನಲ್ಲಿ ಒಬ್ಬ ಶಿಕ್ಷಕಿಯಿದ್ದಳು. ಗೊತ್ತಾದರೆ ಮಕ್ಕಳ ತಂದೆತಾಯಿ ಶಾಲೆಗೆ ಬರುತ್ತಾರೆಂಬ ಭಯ ಅವಳಿಗೆ. ಹೋಟೆಲಿನಲ್ಲಿ ಬಡಿಸುವ ಕೆಲಸದವನೊಬ್ಬನಿದ್ದ. ಮದುವೆಯಾಗದ ಹುಡುಗಿಯರಂತೂ ಅನೇಕರು. ಮೊದಮೊದಲು ನಮ್ಮ ಮಾತೆಲ್ಲ ಮುಲಾಮು, ಬಿಸಿಲು, ಮೋಸದ ವೈದ್ಯರು, ಇಷ್ಟೇ ಆಗಿತ್ತು. ಹಬ್ಬ ಬಂದಾಗ ಅದು ಬದಲಾಯಿತು.

ಒಂದು ಗೌರಿ ಹಬ್ಬದ ಮಾರನೆಯ ದಿನ ಒಬ್ಬಾಕೆ ಬರೆದಳು: ಮೊರದಲ್ಲಿ ಬಳೆ, ಬೇಳೆ, ಕನ್ನಡಿ ಎಲ್ಲ ಜೋಡಿಸಿ ಬಾಗಿನ ಸಿದ್ಧ ಮಾಡಿದ್ದು ನಾನು, ಕೊಡುವ ಹೊತ್ತಿಗೆ ಓರಗಿತ್ತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕೊಟ್ಟಳು. ಅಷ್ಟೇ ಬರೆದಿದ್ದಳು. ಆ ವಾರವೆಲ್ಲ ಉತ್ತರಗಳು ಬಂದವು. ಆರತಿ ತಟ್ಟೆ ಮುಟ್ಟಬೇಡ ಎನ್ನಿಸಿಕೊಂಡವರು, ಹೋಳಿಗೆಯ ಕಣಕ ನಾದಬೇಡ ಎನ್ನಿಸಿಕೊಂಡವರು. ಲಾರಿ ಓಡಿಸುವ ಒಬ್ಬ ಸಾಬರ ಹುಡುಗ, ರಂಜಾನ್ ದಿನ ದೊಡ್ಡಮ್ಮನ ಮನೆಯಲ್ಲಿ ಎಲ್ಲರಿಗೂ ಗಾಜಿನ ಬಟ್ಟಲಿನಲ್ಲಿ ಹಾಲು ಶಾವಿಗೆಯ ಶೀರ್ ಖುರ್ಮಾ ಕೊಟ್ಟು ತನಗೆ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟರೆಂದು ಬರೆದ. ‘ರುಚಿ ಒಂದೇ ಇತ್ತು’ ಎಂದು ಕೊನೆಗೆ ತಮಾಷೆಯ ಒಂದು ಸಾಲು ಸೇರಿಸಿದ್ದ.

ಆ ಉತ್ತರಗಳಿಂದಲೇ ನಮ್ಮದೊಂದು ಪದ್ಧತಿ ಹುಟ್ಟಿತು. ಹಬ್ಬಕ್ಕೆ ಒಂದೆರಡು ವಾರ ಮುಂಚೆ ಯಾರಾದರೂ ತಮ್ಮ ಮನೆಯ ಆಚರಣೆಯನ್ನು ವಿವರವಾಗಿ ಬರೆಯಬೇಕು. ಏನು ಬೇಯಿಸುತ್ತಾರೆ, ಯಾವ ಹೂವು, ಯಾರು ಮೊದಲು ಕೈ ಮುಗಿಯುತ್ತಾರೆ, ಎಲ್ಲ. ಉಳಿದವರಲ್ಲಿ ಸಾಧ್ಯವಾದವರು ಅದನ್ನು ತಮ್ಮ ಮನೆಯಲ್ಲಿ ಮಾಡಬೇಕು. ತನ್ನ ಮನೆಯಲ್ಲೇ ಅಡುಗೆಗೆ ಕೈ ಹಾಕಲು ಯಾರೂ ಬಿಡದಿದ್ದವಳ ಪಾಯಸ ಬೇರೆ ಊರಿನ ಬೇರೆ ಒಲೆಯ ಮೇಲೆ ಕುದಿಯುತ್ತಿತ್ತು. ಲಾರಿಯ ಹುಡುಗನ ಖುರ್ಮಾವನ್ನು ಆ ಶಿಕ್ಷಕಿ ಯುಗಾದಿಗೆ ಮಾಡಿದಳು. ನಮ್ಮ ಸಂಘದ ಸಭೆ, ಭಾಷಣ, ಕರಪತ್ರಗಳು ಮಾಡಲಾರದ್ದನ್ನು ಇದು ಮಾಡುತ್ತಿದೆಯೆಂದು ನನಗೆ ಅನ್ನಿಸಿತ್ತು. ಈಗಲೂ ಹಾಗೆಯೇ ಅನ್ನಿಸುತ್ತದೆ.

ಗುಂಪಿನಲ್ಲಿ ನನಗೆ ಮುಖ ಗೊತ್ತಿದ್ದವಳು ಒಬ್ಬಳೇ. ಅವಳು ಭದ್ರಾವತಿಯ ಜನ್ನಾಪುರದಲ್ಲಿ ಒಂದು ಡಿ.ಟಿ.ಪಿ. ಮತ್ತು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದಳು. ಗಂಡ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ನಮ್ಮ ಸಂಘದ ಕರಪತ್ರವನ್ನು ಅಲ್ಲಿ ಮಾಡಿಸಲು ಹೋದಾಗ ನನ್ನ ಕೈಯನ್ನು ನೋಡಿ, ಅಂಗಡಿಯ ಮಾಲೀಕ ಊಟಕ್ಕೆ ಹೋಗುವ ತನಕ ಕಾದು, ಸೆರಗು ಸರಿಸಿ ತನ್ನ ತೋಳು, ಸೊಂಟದ ಮಚ್ಚೆಗಳನ್ನು, ನೆರಿಗೆ ಎತ್ತಿ ಕಾಲಿನದನ್ನೂ ತೋರಿಸಿದ್ದಳು. ಗುಂಪಿಗೆ ಸೇರಿಸಿದ್ದು ನಾನೇ. ಅತ್ತೆಯ ಮನೆಯಲ್ಲಿ ಅವಳನ್ನು ದೇವರ ಕೋಣೆಗೆ ಬಿಡುತ್ತಿರಲಿಲ್ಲ. ಆದರೆ ತವರಿನಲ್ಲಿ, ಹೊಳಲೂರಿನಲ್ಲಿ, ಪ್ರತಿ ವರ್ಷ ಗೌರಿಗೆ ಅವಳನ್ನು ಕರೆಸುತ್ತಿದ್ದರು. ಗೌರಿಯನ್ನು ಹೊಳೆಗೆ ಹೊತ್ತು ನಡೆಯುವವಳೂ ಅವಳೇ. ನಮ್ಮ ಗುಂಪಿನಲ್ಲಿ ಅಂಥ ಮನೆಯಿದ್ದವಳು ಅವಳೊಬ್ಬಳೇ ಎಂದರೆ ತಪ್ಪಾಗಲಾರದು.

ಒಂದು ವರ್ಷ ಆಷಾಢ ಮುಗಿದ ಮೇಲೆ ನಾನು ಅಂಗಡಿಗೆ ಹೋದಾಗ ಅವಳು ಯಾರದೋ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಳು.

“ದಿನಾ ಊರೋರ ಮದುವೆ ಮಾಡಿಸ್ತೀನಿ ಅಕ್ಕ,” ಎಂದಳು. “ಇನ್ನೊಂದು ಸ್ವಲ್ಪ ದಿನಕ್ಕೆ ನಮ್ಮ ತಂಗೀದು ಟೈಪ್ ಮಾಡ್ತೀನಿ. ಗಂಡಿನ ಕಡೆಯೋರು ನೋಡ್ಕೊಂಡು ಹೋದ್ರು. ಒಪ್ಪಿದಾರೆ.”

“ನಿನ್ನ ವಿಷಯ ಹೇಳಿದಾರಾ?”

“ಅಯ್ಯೋ ಮಾರಾಯ್ತಿ! ನಂಗೆ ತೋಳುದ್ದದ ರವಿಕೆ ಹಾಕ್ಸಿ ಕೂರ್ಸಿದ್ರು. ಕಾಲು ಕಾಣ್ಸಬಾರದು ಅಂತ ನಮ್ಮಮ್ಮ ಮೇಲಿಂದ ಮೇಲೆ ನನ್ನ ಸೀರೆ ನೆರಿಗೆ ಎಳೀತಿತ್ತು. ಗಂಡಿನ ಸೋದರತ್ತೆ ‘ಎಷ್ಟು ಮರ್ಯಾದಸ್ಥೆ ಹುಡುಗಿ’ ಅಂದ್ರಂತೆ.” ನಕ್ಕಳು. ಆಮೇಲೆ ನಗುವನ್ನು ನಿಲ್ಲಿಸಿ ಹೇಳಿದಳು: “ಇದೊಂದು ಆಗ್ಲಿ ಅಕ್ಕ. ಇದು ಮುರಿದ್ರೆ ನನ್ನಿಂದ ಅಂತಾರೆ. ಆಮೇಲೆ ಆ ಮನೆ ಬಾಗಿಲು ನಂಗಿಲ್ಲ.”

ಮುಚ್ಚಿಟ್ಟು ಮದುವೆ ಮಾಡುವುದು ಸರಿಯಲ್ಲವೆಂದು ನಾನು ಹೇಳಿದೆ. ಅದು ಅವಳಿಗೂ ಗೊತ್ತಿತ್ತು. ಅಕ್ಕನ ಚರ್ಮದ ಬಣ್ಣವನ್ನು ತಂಗಿಯ ಜಾತಕದ ಜೊತೆ ಇಟ್ಟು ನೋಡುವ ಸಮಾಜದಲ್ಲಿ ಮುಚ್ಚಿಡುವುದು ಎಷ್ಟರ ಮಟ್ಟಿಗೆ ಅವರ ತಪ್ಪು ಎಂಬ ಪ್ರಶ್ನೆಯನ್ನು ಹೊತ್ತೇ ನಾನು ಶಿವಮೊಗ್ಗದ ಬಸ್ಸು ಹತ್ತಿದೆ.

ಗೌರಿ ಹಬ್ಬ ಹತ್ತಿರ ಬಂದಾಗ ಆ ಸಲದ ಆಚರಣೆಯನ್ನು ಬರೆಯಲು ಅವಳೇ ಮುಂದೆ ಬಂದಳು. ಅವಳು ಬರೆದದ್ದರ ಸಾರ ಇದು. ಅವಳ ತವರಿನಲ್ಲಿ ಗೌರಿಯನ್ನು ಕಳಿಸುವ ದಿನ, ಮೊಸರನ್ನದ ಬುತ್ತಿ ಕಟ್ಟಿ, ಮನೆಮಗಳು ಗೌರಿಯನ್ನು ಹೊತ್ತು ಹೊಳೆಯ ಕಡೆ ಹೊರಡುತ್ತಾಳೆ. ಅರ್ಧ ದಾರಿ ಹೋದ ಮೇಲೆ ನಿಂತು, ತಿರುಗಿ, ಮನೆಗೆ ಬರುತ್ತಾಳೆ. ಹೊಸ್ತಿಲ ಒಳಗೆ ಮಣೆಯ ಮೇಲೆ ಗೌರಿಯನ್ನು ಕೂರಿಸಿ ಬೆಲ್ಲ, ನೀರು ಕೊಡುತ್ತಾರೆ. ಸ್ವಲ್ಪ ಹೊತ್ತಿನ ನಂತರ ಮತ್ತೆ ಹೊರಟು ಹೊಳೆಗೆ ಬಿಡುತ್ತಾರೆ. ಬಹಳ ಹಿಂದೆ ಆ ಮನೆಯ ಮಗಳೊಬ್ಬಳು ಗಂಡನ ಮನೆಗೆ ಹೊರಟು ಅರ್ಧ ದಾರಿಯಿಂದ ವಾಪಸು ಬಂದಿದ್ದಳಂತೆ. ಮನೆಯವರು ಕೂರಲೂ ಹೇಳದೆ ಬಾಗಿಲಿನಿಂದಲೇ ಕಳಿಸಿದರಂತೆ. ಅವಳು ಮತ್ತೆಂದೂ ಬರಲಿಲ್ಲ. ಅಂದಿನಿಂದ ಆ ಮನೆಯ ಗೌರಿ ಒಂದು ಸಲ ಮರಳಿಯೇ ಹೋಗುತ್ತಾಳೆ.

ಊರಿನ ಹೆಸರಿಲ್ಲ, ಹೊಳೆಯ ಹೆಸರಿಲ್ಲ, ಯಾರ ಹೆಸರೂ ಇಲ್ಲ. ನಿಯಮವನ್ನು ಅವಳು ಒಂದಿಷ್ಟೂ ಮೀರಿರಲಿಲ್ಲ. ಅದನ್ನು ಓದಿ ಗುಂಪಿನಲ್ಲಿ ಅನೇಕರು ತಾವು ಅತ್ತುಬಿಟ್ಟೆವೆಂದು ಬರೆದರು. ಹಬ್ಬವಾದ ಮೇಲೆ, ಅದನ್ನು ತಮ್ಮ ಮನೆಯಲ್ಲಿ ಮಾಡಿದವರ ಪತ್ರಗಳು ಬರತೊಡಗಿದವು. ಅವುಗಳಲ್ಲಿ ಒಂದು ಹೀಗಿತ್ತು: ‘ನಾನೂ ಮಾಡಿದೆ. ಬೀದಿಯ ತುದಿಯವರೆಗೆ ಹೋಗಿ ಗೌರಿಯನ್ನು ವಾಪಸು ತಂದೆ. ಅತ್ತೆ ಬೆರಗಾಗಿ, ಇದು ನಿನಗೆ ಯಾರು ಹೇಳಿಕೊಟ್ಟರು, ಇಂಥದ್ದು ಮಾಡುವ ಮನೆ ಒಂದೇ ಒಂದು, ನಾವು ಹೋದ ತಿಂಗಳು ಅಲ್ಲಿಗೆ ಹೋಗಿದ್ದೆವು ಅಂದರು. ನನಗೊಬ್ಬಳು ಕಂಪ್ಯೂಟರ್ ಗೆಳತಿ ಇದ್ದಾಳೆ, ಅವಳಿಗೂ ನನ್ನ ಹಾಗೆಯೇ, ಅದು ಅವಳ ತವರಿನ ಪದ್ಧತಿ ಅಂದೆ. ಅತ್ತೆ ಮಾತೇ ಆಡಲಿಲ್ಲ. ನನ್ನ ಮೇಲೆ ಮೊದಲ ಸಲ ಅವರಿಗೆ ಗೌರವ ಬಂದ ಹಾಗಿತ್ತು.’

ಗೋಪಾಳದ ನನ್ನ ಮನೆಯಲ್ಲಿ ಕುಳಿತು ಇದನ್ನು ಓದಿದೊಡನೆ ನನಗೆ ಜನ್ನಾಪುರದವಳ ತಂಗಿಯ ಸಂಬಂಧ ನೆನಪಾಯಿತು. ಬರೆದವಳು ಎಲ್ಲಿಯವಳೆಂದು ನನಗೆ ಗೊತ್ತಿರಲಿಲ್ಲ. ನಂತರ ಹೊಳಲೂರಿನವರಿಂದ ತಿಳಿಯಿತು: ಅವಳು ಶಿವಮೊಗ್ಗದಲ್ಲೇ, ನಮ್ಮ ಬಡಾವಣೆಯಿಂದ ಸಿಟಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ, ವ್ಯಾಪಾರದ ಮನೆಯೊಂದರ ಸೊಸೆ. ಅವಳ ಅತ್ತೆಯೇ ಆ ‘ಗಂಡಿನ ಸೋದರತ್ತೆ’. ಹೆಣ್ಣು ನೋಡಲು ಹೊಳಲೂರಿಗೆ ಹೋದ ದಿನ, ಹೆಣ್ಣಿನ ತಂದೆ ಹೆಮ್ಮೆಯಿಂದ ತಮ್ಮ ಮನೆಯ ಗೌರಿಯ ಕಥೆಯನ್ನು ಅವರಿಗೆ ಹೇಳಿದ್ದರು. ಆ ಸೊಸೆಗೆ ಮಾತ್ರ ಇದಾವುದೂ ಗೊತ್ತಿರಲಿಲ್ಲ, ಯಾಕೆಂದರೆ ಅವಳ ತುಟಿಯ ಮೇಲೆ ಮಚ್ಚೆಯಿದೆಯೆಂದು ಯಾವ ಶುಭಕಾರ್ಯಕ್ಕೂ ಅವಳನ್ನು ಕರೆದೊಯ್ಯುತ್ತಿರಲಿಲ್ಲ. ಯಾರಿಗೆ ಯಾವ ಊರಿನ ಸಂಬಂಧ ನೋಡುತ್ತಿದ್ದಾರೆಂದು ಅವಳ ಮುಂದೆ ಆಡುತ್ತಲೂ ಇರಲಿಲ್ಲ.

ಇಲ್ಲಿ ತಪ್ಪುಗಳನ್ನು ಬಿಡಿಬಿಡಿಯಾಗಿ ಹೇಳದೆ ಇರಲಾರೆ. ಸೊಸೆಯನ್ನು ಮನೆಯೊಳಗೇ ಹೊರಗಿಟ್ಟದ್ದು ತಪ್ಪು. ಹೊರಗಿಟ್ಟ ಸೊಸೆಯ ಬಾಯಿಂದ ಬಿದ್ದ ಮಾತನ್ನು ಎತ್ತಿಕೊಂಡು ಆ ಅತ್ತೆ ತನ್ನ ಅಣ್ಣನ, ಅಂದರೆ ಗಂಡಿನ, ಮನೆಗೆ ಒಯ್ದದ್ದು ಇನ್ನೊಂದು ತಪ್ಪು. ತನ್ನ ಮನೆಯಲ್ಲೇ ಅಂಥ ಸೊಸೆಯೊಬ್ಬಳು ಇದ್ದೂ, ಅವಳ ಮಕ್ಕಳು ಕಣ್ಣೆದುರಿಗೆ ಆರೋಗ್ಯವಾಗಿ ಓಡಾಡುತ್ತಿದ್ದೂ, ಬೇರೆ ಮನೆಯ ಹುಡುಗಿಯನ್ನು ‘ವಂಶದಲ್ಲಿ ಇದೆ’ ಎಂದು ನಿರಾಕರಿಸುವುದು ಬರೀ ತಪ್ಪಲ್ಲ, ಅನ್ಯಾಯ. ಆದರೆ ಇವುಗಳ ನಡುವೆ ಎಲ್ಲಿಯೂ ಆ ಸೊಸೆಯ ಹೆಸರನ್ನು ನಾನು ಸೇರಿಸಲಾರೆ. ಅವಳು ಮಾಡಿದ್ದು ಗೆಳತಿಯ ಹಬ್ಬವನ್ನು.

ಸಂಬಂಧ ಫೋನಿನಲ್ಲಿ ಮುರಿಯಿತು. ಸುದ್ದಿ ತಿಳಿದ ಭಾನುವಾರ ಜನ್ನಾಪುರದವಳ ಜೊತೆ ನಾನು ಹೊಳಲೂರಿಗೆ ಹೋದೆ. ಅವಳು ಬೇಡವೆಂದರೂ ನಾನೇ ಒತ್ತಾಯಿಸಿದ್ದೆ. ವಿವರಿಸಿ ಹೇಳಿದರೆ ಅರ್ಥವಾಗದ ವಿಷಯ ಇದಲ್ಲವೆಂಬ ನಂಬಿಕೆ ನನ್ನದು. ಹಜಾರದಲ್ಲಿ ಅವಳ ತಾಯಿ ನನ್ನ ಕೈಗಳನ್ನು ನೋಡಿದರು.

“ನೀವೇ ಏನಮ್ಮ ಆ ಕಂಪ್ಯೂಟರ್ ಸಂಘದೋರು?”

“ಹೌದಮ್ಮ.”

“ನಮ್ಮನೆ ಗೌರಿನ ಊರೂರು ತಿರುಗಿಸಿದ್ರಲ್ಲ, ಪುಣ್ಯಾತ್ಗಿತ್ತಿ.”

“ಅಮ್ಮ, ಇದು ಅಂಟೋ ಕಾಯಿಲೆ ಅಲ್ಲ. ಗಂಡಿನ ಮನೆಗೆ ನಾನೇ ಡಾಕ್ಟ್ರನ್ನ ಕರ್ಕೊಂಡು ಹೋಗ್ತೀನಿ. ಕೂತು ಮಾತಾಡ್ತೀನಿ.”

“ಹೋಗ್ತೀರಿ. ನಿಮ್ಮ ಕೈ ನೋಡ್ತಾರೆ. ಆಮೇಲೆ?”

ತಂದೆ ಕಂಬಕ್ಕೊರಗಿ ಕುಳಿತಿದ್ದರು. ಅವರು ನನ್ನನ್ನು ನೋಡದೆ ಹೇಳಿದರು: “ಇವಳಿಗೆ ಬಂದಾಗ ನಾವೇನು ಹೊರಗೆ ಹಾಕಿದ್ವಾ ಮೇಡಂ? ಒಂದು ವರ್ಷಾನೂ ತಪ್ಪಿಸ್ದೆ ಕರೆದಿದೀವಿ. ಗೌರಿ ಇವಳ ಕೈಲೇ ಹೋಗ್ತಿತ್ತು. ಈಗ ಇನ್ನೊಬ್ಬಳದೂ ನೋಡ್ಬೇಕಲ್ಲ. ಅದಕ್ಕೇ ಇವಳು ಸ್ವಲ್ಪ ದಿನ ಈ ಕಡೆ ಬರೋದು ಬೇಡ.”

ಒಳಗಿನ ಬಾಗಿಲಿನಲ್ಲಿ ನಿಂತಿದ್ದ ತಂಗಿ ಮುಂದೆ ಬಂದಳು. “ಅಪ್ಪ, ಅಕ್ಕನ್ನ ಕರೀಬೇಡಿ ಅಂತ ನಾನು ಹೇಳಿಲ್ಲ. ನನ್ನ ಹೆಸರು ಹೇಳ್ಕೊಂಡು ಹೇಳ್ಬೇಡಿ.”

“ನೀನು ಸುಮ್ನಿರೆ,” ಎಂದರು ತಾಯಿ. “ನಿಂಗೂ ಯಾರೂ ಸಿಗದಿದ್ರೆ ಅಕ್ಕ ತಂಗಿ ಇಬ್ರೂ ಕೂತ್ಕೊಂಡು ಕಂಪ್ಯೂಟರಲ್ಲೇ ಹಬ್ಬ ಮಾಡಿ.”

ಆಮೇಲೆ ಆ ತಾಯಿ ಒಳಗೆ ಹೋಗಿ ಕಾಫಿ ತಂದರು. ನನಗೂ ಮಗಳಿಗೂ ತಂದ ಲೋಟಗಳು ಒಂದೇ ಬಗೆಯವು, ಮನೆಯವರೆಲ್ಲ ಕುಡಿಯುವಂಥವು. ಮಗಳು ಅತ್ತಾಗ ಹತ್ತಿರ ಕುಳಿತು ಅವಳ ಕೆನ್ನೆ ಒರೆಸಿದವರೂ ಅವರೇ. ಕೆಟ್ಟವರ ಮನೆಯಲ್ಲಿ ಅನ್ಯಾಯ ನಡೆದರೆ ಬೈದು ಬರಬಹುದು. ಇವರನ್ನು ಬೈಯಲು ನನಗೆ ಆಗಲಿಲ್ಲ. ಬೈಯದೆಯೂ ನಾನು ಹೇಳಬೇಕಿದ್ದದ್ದನ್ನು ಹೇಳಿದೆ. ಮಗಳನ್ನು ಕರೆಯದಿರುವುದು ತಪ್ಪು ಎಂದೆ. “ತಪ್ಪೇ,” ಎಂದರು ತಂದೆ. ಚರ್ಚೆ ಅಲ್ಲಿಗೇ ಮುಗಿಯಿತು. ಹೊರಡುವಾಗ ಅವರು ಮಗಳಿಗೆ, “ಆ ಕಂಪ್ಯೂಟರ್ ಸಹವಾಸ ಮೊದ್ಲು ಬಿಡು. ತಂಗೀದೊಂದು ಆಗ್ಲಿ. ಆಮೇಲೆ ಮೊದಲಿನ ಹಾಗೇ ಬರುವಿಯಂತೆ,” ಎಂದರು.

ಬಸ್ಸಿನಲ್ಲಿ ಅವಳು ಕೇಳಿದ ಮೊದಲ ಮಾತು ಶಿವಮೊಗ್ಗದ ಆ ಸೊಸೆಯ ಬಗ್ಗೆ. “ಅವಳಿಗೆ ಇದೆಲ್ಲ ಗೊತ್ತಾಗೋದು ಬೇಡ ಅಕ್ಕ. ಪ್ರೀತಿಯಿಂದ ಮಾಡಿದಾಳೆ ಪಾಪ. ಗೊತ್ತಾದ್ರೆ ಇನ್ನೊಂದ್ಸಲ ಏನೂ ಮಾಡಲ್ಲ ಅವಳು.” ಸ್ವಲ್ಪ ದೂರ ಹೋದ ಮೇಲೆ, “ನನ್ನನ್ನ ಗುಂಪಿಂದ ತೆಗೆದುಬಿಡಿ,” ಎಂದಳು.

“ಅವರು ಹೇಳಿದ್ರು ಅಂತ ನೀನು ಬಿಡೋದು ಅನ್ಯಾಯ ಅಲ್ವಾ?”

“ಅನ್ಯಾಯ ಅಂತ ನಂಗೂ ಗೊತ್ತು ಅಕ್ಕ. ನಂಗೆ ತವರು ಬೇಕು.”

ಅವಳ ವಿಳಾಸವನ್ನು ಗುಂಪಿನಿಂದ ತೆಗೆದೆ. ಕಾರಣವನ್ನು ಗುಂಪಿಗೆ ಹೇಳುವಂತಿರಲಿಲ್ಲ. ಹಬ್ಬದ ವಿವರಗಳಿಂದ ಮನೆ ಗುರುತಾಗಬಹುದು, ಎಚ್ಚರವಿರಲಿ ಎಂದಷ್ಟೇ ಬರೆದೆ. ನಾವೆಲ್ಲ ಹೆಸರನ್ನೂ ಊರನ್ನೂ ಕಾಪಾಡಿಕೊಂಡರೆ ಸಾಕೆಂದು ತಿಳಿದಿದ್ದೆವು. ನಮ್ಮ ನಾಡಿನಲ್ಲಿ ಬುತ್ತಿಗೆ ಏನು ಕಟ್ಟುತ್ತಾರೆ, ಯಾವ ದಿನ ಎಣ್ಣೆನೀರು ಹಾಕುತ್ತಾರೆ ಎಂಬುದರಿಂದಲೇ ಜಾತಿ, ಸೀಮೆ, ಕೆಲವೊಮ್ಮೆ ಮನೆಯ ಬಾಗಿಲೂ ಗೊತ್ತಾಗಿಬಿಡುತ್ತದೆ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಇನ್ನೊಂದು. ಆ ಇಬ್ಬರು ಹೆಂಗಸರಿಗೆ ಪರಸ್ಪರ ಊರು ಗೊತ್ತಿದ್ದಿದ್ದರೆ ಒಬ್ಬಳು ಇನ್ನೊಬ್ಬಳನ್ನು ಕಾಯುತ್ತಿದ್ದಳು. ಒಂದೇ ಬಸ್ಸಿನ ದಾರಿಯಲ್ಲಿದ್ದವರು, ಭಯದಿಂದ, ಅಪರಿಚಿತರಾಗಿಯೇ ಉಳಿದರು. ಆ ಭಯವನ್ನು ಅವರೊಳಗೆ ಬಿತ್ತಿದವರು ಯಾರೂ ಯಾವ ಬೆಲೆಯನ್ನೂ ತೆರಲಿಲ್ಲ.

ಎಚ್ಚರಿಕೆಯ ನಂತರ ಗುಂಪಿನ ಹಬ್ಬಗಳು ಸೊರಗಿದವು. ‘ಸಿಹಿ ಮಾಡಿದೆವು. ಎಲ್ಲರಿಗೂ ಶುಭಾಶಯ.’ ಲಾರಿಯ ಹುಡುಗ ಕೂಡ ಆ ವರ್ಷ ಅಷ್ಟನ್ನೇ ಬರೆದ. ಮಾಡಿದ ಸಿಹಿ ಯಾವುದೆಂದು ಯಾರೂ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ತಂಗಿಯ ಮದುವೆ ಬೇರೆ ಕಡೆ ಆಯಿತು. ಲಗ್ನಪತ್ರಿಕೆ ಜನ್ನಾಪುರದ ಅಂಗಡಿಗೆ ಬರಲಿಲ್ಲ, ಶಿವಮೊಗ್ಗದಲ್ಲೇ ಮಾಡಿಸಿದರು. ಅಕ್ಕನನ್ನು ಕರೆದರು, ಧಾರೆಗಲ್ಲ, ಊಟದ ಹೊತ್ತಿಗೆ. ಅವಳು ಹೋಗಿ ಉಂಡು ಬಂದಳು. “ಪಂಕ್ತೀಲೇ ಕೂತಿದ್ದೆ ಅಕ್ಕ, ಎಲ್ಲರ ಜೊತೆ. ತಂಗಿನೇ ಬಂದು ಬಡಿಸಿದ್ಲು,” ಎಂದು ಅದನ್ನೇ ದೊಡ್ಡದು ಮಾಡಿ ಹೇಳಿದಳು. ತಂದೆ ಹೇಳಿದ್ದೆಲ್ಲ ಈಗ ಪೂರೈಸಿತ್ತು. ಗುಂಪು ಬಿಟ್ಟಾಗಿತ್ತು, ತಂಗಿಯದು ಆಗಿತ್ತು. ಇನ್ನು ಗೌರಿಗೆ ಕರೆ ಬರುತ್ತದೆಂದು ಅವಳು ನಂಬಿದ್ದಳು. ಅಂಗಡಿಯಲ್ಲಿ ರಜೆ ಕೇಳಿಟ್ಟಿದ್ದಳು.

ಹಬ್ಬದ ಮುನ್ನಾ ವಾರ ಶಿವಮೊಗ್ಗದ ಸೊಸೆ ಗುಂಪಿಗೆ ಬರೆದಳು: ಈ ವರ್ಷವೂ ನಮ್ಮ ಮನೆಯ ಗೌರಿ ಅರ್ಧ ದಾರಿಯಿಂದ ಬರುತ್ತಾಳೆ, ಮಕ್ಕಳು ಕಾಯುತ್ತಿದ್ದಾರೆ, ಇದನ್ನು ಬರೆದ ಗೆಳತಿ ಎಲ್ಲಿ, ಯಾಕೆ ಮಾತಾಡುವುದಿಲ್ಲ? ಯಾವ ತಪ್ಪನ್ನೂ ಹೆಸರಿಸದೆ ಬಿಡಬಾರದೆಂದು ಕಲಿತವಳು ನಾನು. ಆದರೆ ಜನ್ನಾಪುರದವಳು ಬಸ್ಸಿನಲ್ಲಿ ಕೇಳಿಕೊಂಡದ್ದಕ್ಕಾಗಿ, ‘ಅವರು ಚೆನ್ನಾಗಿದ್ದಾರೆ, ಕೆಲಸ ಹೆಚ್ಚು’ ಎಂದು ಬರೆದೆ.

ಗೌರಿ ಹಬ್ಬದ ದಿನ ಬೆಳಿಗ್ಗೆ ಜನ್ನಾಪುರದ ಅಂಗಡಿಗೆ ಫೋನ್ ಮಾಡಿದೆ. ಹೇಳಬೇಕಾದ ಕೆಲಸವೇನೂ ನನಗಿರಲಿಲ್ಲ. ಮಾಲೀಕ ಎತ್ತಲಿ, ‘ಅವಳು ತವರಿಗೆ ಹೋಗಿದಾಳೆ ಮೇಡಂ, ನಾಳೆ ಮಾಡಿ’ ಎನ್ನಲಿ ಎಂಬುದಷ್ಟೇ ನನಗೆ ಬೇಕಿದ್ದದ್ದು. ಹಿಂದಿನಿಂದ ಪ್ರಿಂಟರಿನ ಸದ್ದು ಕೇಳಿತು.

“ಹಲೋ, ಹೇಳಿ,” ಎಂದಿತು ಅವಳ ದನಿ.

“ನಾನು,” ಎಂದೆ.

“ಅಕ್ಕ, ಇವತ್ತು ಅಂಗಡೀಲಿ ನಾನೊಬ್ಳೇ. ಕರಪತ್ರ ಏನಾದ್ರೂ ಇದ್ರೆ ಕಳ್ಸಿ. ಟೈಪ್ ಮಾಡಿಡ್ತೀನಿ.”